ನೋಡುವವನು ಯಾರು? ಕ್ವಾಂಟಂ ವಿಜ್ಞಾನದ ಪ್ರಶ್ನೆ, ಜಿನದರ್ಶನದ ಚೇತನ

ಜಿನದರ್ಶನವು ಜೀವಕ್ಕೆ ಹೇಳಿರುವ ಲಕ್ಷಣ ಒಂದೇ: ಉಪಯೋಗ. ಕಾಣುವ ಮತ್ತು ತಿಳಿಯುವ ವ್ಯಾಪಾರಕ್ಕೆ ಆ ಹೆಸರು. ಉಸಿರಾಟ, ಚಲನೆ, ಬೆಳವಣಿಗೆ ಇವೆಲ್ಲ ದೇಹದ ಸಂಗದಿಂದ ತೋರುವ ಚಿಹ್ನೆಗಳು. ಅರಿವು ಮಾತ್ರ ಜೀವದ ಸ್ವಂತ ಸೊತ್ತು. ನಿಗೋದದ ಅತಿಸೂಕ್ಷ್ಮ ಜೀವದಿಂದ ಹಿಡಿದು ಲೋಕಾಗ್ರದಲ್ಲಿ ನೆಲೆಸಿದ ಸಿದ್ಧ ಪರಮೇಷ್ಠಿಯವರೆಗೆ ಈ ಬೆಳಕು ಎಲ್ಲಿಯೂ ಪೂರ್ತಿಯಾಗಿ ಆರುವುದಿಲ್ಲ. ಜ್ಞಾನಾವರಣ, ದರ್ಶನಾವರಣ ಕರ್ಮಗಳ ತೆರೆ ದಟ್ಟವಾಗಿರುವಲ್ಲಿ ಅದು ಮಂಕಾಗಿರುತ್ತದೆ. ತೆರೆ ಸರಿದಲ್ಲಿ ಪೂರ್ಣವಾಗಿ ಬೆಳಗುತ್ತದೆ.

ಈ ಚೇತನದ ಮಾತು ಇತ್ತೀಚೆಗೆ ಕ್ವಾಂಟಂ ಭೌತವಿಜ್ಞಾನದ ಜೊತೆಗೂಡಿ ಕೇಳಿಬರುತ್ತಿದೆ. ಆ ವಿಜ್ಞಾನಕ್ಕೆ ನೂರು ವರ್ಷ ತುಂಬಿದ ನೆನಪಿಗಾಗಿ ವಿಶ್ವಸಂಸ್ಥೆಯು 2025ನ್ನು ಅಂತರರಾಷ್ಟ್ರೀಯ ಕ್ವಾಂಟಂ ವಿಜ್ಞಾನ ಮತ್ತು ತಂತ್ರಜ್ಞಾನ ವರ್ಷವೆಂದು ಸಾರಿತು. ನೋಡುವವನಿಲ್ಲದೆ ವಸ್ತುವೇ ಇಲ್ಲವೆಂದು ವಿಜ್ಞಾನಿಗಳು ಒಪ್ಪಿದ್ದಾರೆ, ಚೇತನವೇ ಜಗತ್ತನ್ನು ನಿರ್ಮಿಸುತ್ತದೆ ಎಂಬುದು ಪ್ರಯೋಗದಿಂದ ಸಿದ್ಧವಾಗಿದೆ, ನಮ್ಮ ಆಗಮಗಳು ಇದನ್ನೇ ಹೇಳಿದ್ದವು ಎಂಬಂಥ ಮಾತುಗಳು ಪ್ರವಚನ ಮಂಟಪದಿಂದ ಮೊಬೈಲ್ ಸಂದೇಶಗಳವರೆಗೆ ಹರಿದಾಡುತ್ತಿವೆ. ಕೇಳಲು ಹಿತವಾದ ಮಾತುಗಳೇ. ಆದರೆ ಅವು ಸತ್ಯವೇ ಎಂದು ಪರೀಕ್ಷಿಸುವುದು ಶ್ರಾವಕನ ಕರ್ತವ್ಯ.

ಪರೀಕ್ಷೆ ಏಕೆ ಬೇಕೆಂಬುದಕ್ಕೆ ನಮ್ಮ ಮನೆಗಳೇ ಸಾಕ್ಷಿ. ಕೃಷ್ಣಾ ತೀರದ ಶಿರಗುಪ್ಪಿ, ಕಾಗವಾಡ, ಶೇಡಬಾಳ, ಉಗಾರದಂಥ ಊರುಗಳಲ್ಲಿ ಹಿರಿಯರು ಕಬ್ಬಿನ ಹೊಲ ಮತ್ತು ಜಿನಮಂದಿರಗಳ ನಡುವೆ ಬಾಳು ಸವೆಸಿದವರು. ಮಕ್ಕಳು ಬೆಳಗಾವಿ, ಕೊಲ್ಲಾಪುರ, ಪುಣೆ, ಬೆಂಗಳೂರುಗಳಲ್ಲಿ ಇಂಜಿನಿಯರಿಂಗ್, ವಿಜ್ಞಾನ ಓದುತ್ತಿದ್ದಾರೆ. ಮಂದಿರದಲ್ಲಿ ಒಂದು ಮಾತು ಕೇಳಿದ ಹುಡುಗಿ ತರಗತಿಯಲ್ಲಿ ಅದಕ್ಕೆ ವಿರುದ್ಧವಾದ ಪಾಠ ಕಲಿತರೆ, ಅವಳು ಕೈಬಿಡುವುದು ಆ ಒಂದು ಮಾತನ್ನಷ್ಟೇ ಅಲ್ಲ. ಅದೇ ಬಾಯಿಂದ ಬಂದ ಅಹಿಂಸೆ, ಅಪರಿಗ್ರಹಗಳ ಉಪದೇಶವನ್ನೂ ಸಂಶಯದಿಂದ ನೋಡತೊಡಗುತ್ತಾಳೆ. ಧರ್ಮಪ್ರಭಾವನೆಯ ಉತ್ಸಾಹದಲ್ಲಿ ಆಡಿದರೂ ಉತ್ಪ್ರೇಕ್ಷೆಯ ಮಾತು ಸತ್ಯಾಣುವ್ರತಕ್ಕೆ ಕುಂದು ತರುತ್ತದೆ. ಆದ್ದರಿಂದ ಕ್ವಾಂಟಂ ವಿಜ್ಞಾನವೂ ಜಿನದರ್ಶನವೂ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಬಿಡಿಸಿ ನೋಡೋಣ.

ಅಣುವಿನ ಲೋಕದ ಅಚ್ಚರಿ

1925ರಲ್ಲಿ ವರ್ನರ್ ಹೈಸನ್‌ಬರ್ಗ್, 1926ರಲ್ಲಿ ಎರ್ವಿನ್ ಶ್ರೋಡಿಂಗರ್ ಕೈಗೊಂಡ ಕೆಲಸದಿಂದ ಕ್ವಾಂಟಂ ವಿಜ್ಞಾನ ಇಂದಿನ ರೂಪ ತಾಳಿತು. ಎಲೆಕ್ಟ್ರಾನ್‌ನಂಥ ಸೂಕ್ಷ್ಮ ಕಣವು ನಮ್ಮ ಕೈಯ ಕಲ್ಲಿನಂತೆ ನಡೆದುಕೊಳ್ಳುವುದಿಲ್ಲ ಎಂಬುದು ಅದರ ಸಾರ. ಎರಡು ಸಣ್ಣ ಸೀಳುಗಳಿರುವ ತಡೆಯತ್ತ ಎಲೆಕ್ಟ್ರಾನ್‌ಗಳನ್ನು ಒಂದೊಂದಾಗಿ ಬಿಟ್ಟರೆ, ಪ್ರತಿಯೊಂದೂ ಆಚೆಯ ತೆರೆಯ ಮೇಲೆ ಒಂದು ಚುಕ್ಕೆಯಾಗಿ ಬೀಳುತ್ತದೆ. ಆದರೆ ಸಾವಿರಾರು ಚುಕ್ಕೆಗಳು ಸೇರಿದಾಗ, ಕೊಳದಲ್ಲಿ ಎರಡು ಅಲೆಗಳು ಕೂಡಿದಲ್ಲಿ ಏಳುವಂಥ ಪಟ್ಟೆಗಳು ಮೂಡುತ್ತವೆ. ಯಾವ ಸೀಳಿನಿಂದ ಕಣ ಹೋಯಿತೆಂದು ತಿಳಿಯಲು ಅಲ್ಲೊಂದು ಉಪಕರಣವನ್ನಿಟ್ಟರೆ ಆ ಪಟ್ಟೆಗಳು ಮಾಯವಾಗುತ್ತವೆ.

1927ರಲ್ಲಿ ಹೈಸನ್‌ಬರ್ಗ್ ಅನಿಶ್ಚಿತತಾ ತತ್ತ್ವವನ್ನು ಮುಂದಿಟ್ಟರು. ಕಣದ ಸ್ಥಾನವನ್ನೂ ಅದರ ಸಂವೇಗವನ್ನೂ ಒಂದೇ ಸಲಕ್ಕೆ ಪೂರ್ಣ ನಿಖರವಾಗಿ ಹೇಳಲಾಗದು. ಇದು ಉಪಕರಣದ ಕೊರತೆಯಿಂದ ಬಂದದ್ದಲ್ಲ, ಪ್ರಕೃತಿಯ ನಿಯಮವೇ ಹಾಗಿದೆ. ಅದೇ ವರ್ಷ ಡೆನ್ಮಾರ್ಕಿನ ನೀಲ್ಸ್ ಬೋರ್ ಪೂರಕತಾ ತತ್ತ್ವವನ್ನು ಪ್ರತಿಪಾದಿಸಿದರು. ಕಣವೆಂಬ ವರ್ಣನೆ, ಅಲೆಯೆಂಬ ವರ್ಣನೆ ಎರಡೂ ಒಂದೇ ಪ್ರಯೋಗದಲ್ಲಿ ಒಟ್ಟಿಗೆ ನಿಲ್ಲವು. ಆದರೂ ಸತ್ಯವನ್ನು ಪೂರ್ತಿ ಹೇಳಲು ಎರಡೂ ಬೇಕು ಎಂಬುದು ಅವರ ಮಾತಿನ ತಾತ್ಪರ್ಯ.

ಅನೇಕಾಂತವನ್ನು ಬಲ್ಲವರ ಕಿವಿ ಈ ಮಾತಿಗೆ ನೆಟ್ಟಗಾಗುವುದು ಸಹಜ. ವಸ್ತು ಅನಂತಧರ್ಮಾತ್ಮಕ, ಒಂದು ನಯದಿಂದ ನಿತ್ಯ, ಇನ್ನೊಂದು ನಯದಿಂದ ಅನಿತ್ಯ, ಒಂದೇ ನಯವನ್ನು ಹಿಡಿದು ಉಳಿದವನ್ನು ಅಲ್ಲಗಳೆಯುವುದೇ ದುರ್ನಯ. ಈ ಸಾಮ್ಯವನ್ನು ಮೊದಲು ಗುರುತಿಸಿದವರಲ್ಲಿ ಹಿರಿಯ ವಿಜ್ಞಾನಿಗಳೇ ಇದ್ದಾರೆ.

ವಿಜ್ಞಾನಿಗಳು ಕಂಡ ಸ್ಯಾದ್ವಾದ

ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಸ್ಥಾಪಕರಾದ ಪಿ.ಸಿ. ಮಹಾಲನೊಬಿಸ್ 1954ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಸಪ್ತಭಂಗಿಯ ತರ್ಕಕ್ಕೂ ಸಂಖ್ಯಾಶಾಸ್ತ್ರದ ತಳಹದಿಗೂ ಇರುವ ನಂಟನ್ನು ಚರ್ಚಿಸಿದರು. ಪ್ರಸಿದ್ಧ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಭಾರತಕ್ಕೆ ಬಂದು ನೆಲೆಸಿದ 1957ರಲ್ಲೇ ‘ಸಾಂಖ್ಯ’ ಪತ್ರಿಕೆಯಲ್ಲಿ ಸ್ಯಾದ್ವಾದದ ಕುರಿತು ಲೇಖನ ಪ್ರಕಟಿಸಿದರು. ಇಂದ್ರಿಯಗಳ ಗ್ರಹಣಶಕ್ತಿಯ ಅಂಚಿನಲ್ಲಿ, ಕಂಡೂ ಕಾಣದಂತಿರುವ ಸ್ಥಿತಿಯನ್ನು ವಿವರಿಸಲು ಈ ಏಳು ಭಂಗಗಳು ನೆರವಾಗುತ್ತವೆಂದು ಅವರಿಗೆ ತೋರಿತು. ಉದಯಪುರದ ಜೈನ ಮನೆತನದಲ್ಲಿ 1906ರಲ್ಲಿ ಜನಿಸಿದ ಭೌತವಿಜ್ಞಾನಿ ದೌಲತ್ ಸಿಂಗ್ ಕೊಠಾರಿ, 1985ರಲ್ಲಿ ಹೊರಬಂದ ಬೋರ್ ಜನ್ಮಶತಾಬ್ದಿ ಸಂಪುಟಕ್ಕೆ ಪೂರಕತಾ ತತ್ತ್ವ ಮತ್ತು ಪೌರಸ್ತ್ಯ ದರ್ಶನಗಳನ್ನು ಕುರಿತೇ ಬರೆದರು. ಅಲ್ಲಿ ಸ್ಯಾದ್ವಾದಕ್ಕೆ ಮುಖ್ಯ ಸ್ಥಾನವಿತ್ತು. ದೇಶದ ಶಿಕ್ಷಣಕ್ಕೆ ದಾರಿ ತೋರಿದ ಕೊಠಾರಿ ಆಯೋಗದ ಅಧ್ಯಕ್ಷರು ಇವರೇ.

ಕೊಠಾರಿಯವರು ಹುಟ್ಟಿದ 1906ರಲ್ಲಿಯೇ ನಮ್ಮ ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ ಆದಿನಾಥ ನೇಮಿನಾಥ ಉಪಾಧ್ಯೆಯವರು ಜನಿಸಿದರು. ಕೊಲ್ಲಾಪುರದ ರಾಜಾರಾಮ್ ಕಾಲೇಜಿನಲ್ಲಿ ಬಹುಕಾಲ ಅಧ್ಯಾಪಕರಾಗಿ, ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗವನ್ನು ಕಟ್ಟಿದವರು. 1935ರಲ್ಲಿ ಅವರು ಸಂಪಾದಿಸಿದ ಕುಂದಕುಂದಾಚಾರ್ಯರ ‘ಪ್ರವಚನಸಾರ’ವನ್ನು ಜಗತ್ತಿನ ವಿದ್ವಾಂಸರು ಇಂದಿಗೂ ಆಶ್ರಯಿಸುತ್ತಾರೆ. ಜ್ಞಾನವೆಂದರೇನು, ಜ್ಞೇಯವೆಂದರೇನು, ಅವೆರಡರ ಸಂಬಂಧ ಎಂಥದು ಎಂಬ ವಿಚಾರ ಆ ಗ್ರಂಥದ ಹೃದಯ. ಕ್ವಾಂಟಂ ಚರ್ಚೆಗೆ ಜೈನರು ಕೊಡಬಹುದಾದ ಉತ್ತರವನ್ನು ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ನೆರೆಯ ಊರಿನ ವಿದ್ವಾಂಸರು ಶುದ್ಧಪಾಠ ಮಾಡಿಕೊಟ್ಟ ಗ್ರಂಥದಲ್ಲೇ ಅದು ಇದೆ.

ಸಾಮ್ಯ ನಿಲ್ಲುವ ಎಡೆಗಳು

ಮೊದಲನೆಯದಾಗಿ ‘ಸ್ಯಾತ್’ ಎಂಬ ಪದ. ಇದನ್ನು ‘ಬಹುಶಃ’ ಎಂದು ಅರ್ಥೈಸಿ, ಸ್ಯಾದ್ವಾದವೆಂದರೆ ಕ್ವಾಂಟಂ ಅನಿಶ್ಚಿತತೆಯೇ ಎನ್ನುವವರಿದ್ದಾರೆ. ‘ಒಂದು ಅಪೇಕ್ಷೆಯಿಂದ’ ಎಂಬುದು ಅದರ ಸರಿಯಾದ ಅರ್ಥ. ಮಡಕೆಯು ತನ್ನ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ಅಪೇಕ್ಷೆಯಿಂದ ಇದ್ದೇ ಇದೆ. ಪರದ್ರವ್ಯಾದಿಗಳ ಅಪೇಕ್ಷೆಯಿಂದ ಇಲ್ಲವೇ ಇಲ್ಲ. ಎರಡರಲ್ಲಿಯೂ ಸಂಶಯಕ್ಕೆ ಎಡೆಯಿಲ್ಲ. ಎರಡನ್ನೂ ಏಕಕಾಲಕ್ಕೆ ಒಂದೇ ಮಾತಿನಲ್ಲಿ ಹೇಳಹೊರಟಾಗ ಮಾತು ಸೋಲುತ್ತದೆ, ಅದೇ ಅವಕ್ತವ್ಯ. ಬೋರ್ ಅವರ ಪೂರಕತೆಗೆ ಹತ್ತಿರ ಬರುವುದು ಈ ಅವಕ್ತವ್ಯದ ಭಂಗ. ಎರಡೂ ಕಡೆ ಸೋತದ್ದು ಮಾತು, ವಸ್ತುವಿಗೆ ಕೊರತೆಯಾಗಿಲ್ಲ.

ಎರಡನೆಯದು ಪರಮಾಣು. ಪುದ್ಗಲದ ಅವಿಭಾಜ್ಯ ಅಂಶವನ್ನು ನಮ್ಮ ಆಚಾರ್ಯರು ಪರಮಾಣು ಎಂದರು. ಸ್ನಿಗ್ಧ, ರೂಕ್ಷ ಗುಣಗಳಿಂದ ಪರಮಾಣುಗಳು ಬೆಸೆದು ಸ್ಕಂಧವಾಗುತ್ತವೆ ಎಂದರು. ಇದನ್ನು ವಿದ್ಯುದಂಶಕ್ಕೆ ಹೋಲಿಸುವುದುಂಟು. ಆದರೆ ನಮ್ಮ ಪರಮಾಣುವಿಗೆ ವರ್ಣ, ರಸ, ಗಂಧ, ಸ್ಪರ್ಶಗಳಿವೆ. ಭೌತವಿಜ್ಞಾನದ ಎಲೆಕ್ಟ್ರಾನ್‌ಗೆ ಅವಿಲ್ಲ. ಹೋಲಿಕೆ ವಿಚಾರಕ್ಕೆ ಪ್ರೇರಣೆಯಾಗಲಿ, ಎರಡೂ ಒಂದೇ ಎಂಬ ಘೋಷಣೆ ಬೇಡ.

ಮೂರನೆಯದು ಕೇವಲಜ್ಞಾನ. ಕ್ವಾಂಟಂ ವಿಜ್ಞಾನದ ಪ್ರಕಾರ ಒಂದು ಕಣದ ಸ್ಥಿತಿಯನ್ನು ತಿಳಿಯಬಹುದಾದಷ್ಟು ತಿಳಿದರೂ ಅಳತೆಯ ಫಲವನ್ನು ಸಾಮಾನ್ಯವಾಗಿ ಸಂಭಾವ್ಯತೆಯಲ್ಲಿ ಮಾತ್ರ ಹೇಳಬಹುದು. ಜಿನಾಗಮದ ಪ್ರಕಾರ ಕೇವಲಿ ಭಗವಂತರು ಸರ್ವ ದ್ರವ್ಯಗಳ ತ್ರಿಕಾಲ ಪರ್ಯಾಯಗಳನ್ನೂ ಏಕಕಾಲಕ್ಕೆ ಬಲ್ಲರು. ಇಲ್ಲಿ ಎರಡು ದೃಷ್ಟಿಗಳ ನಡುವೆ ಅಂತರವಿದೆ. ಅಂತರವನ್ನು ಮುಚ್ಚಿಡದೆ ಹೇಳುವುದೇ ಪ್ರಾಮಾಣಿಕತೆ. ಇಂದ್ರಿಯ ಮತ್ತು ಉಪಕರಣಗಳಿಂದ ದೊರೆಯುವ ಮತಿಜ್ಞಾನದ ಮಿತಿಯನ್ನು ಭೌತವಿಜ್ಞಾನ ಅಳೆಯುತ್ತಿದೆ. ಅತೀಂದ್ರಿಯ ಜ್ಞಾನವನ್ನು ಅದು ಸಾಧಿಸಿಯೂ ಇಲ್ಲ, ಖಂಡಿಸಿಯೂ ಇಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ನೋಡುವವನು ವಸ್ತುವನ್ನು ನಿರ್ಮಿಸುತ್ತಾನೆ ಎಂಬ ಮಾತು. ಕ್ವಾಂಟಂ ಪ್ರಯೋಗದಲ್ಲಿ ‘ನೋಡುವುದು’ ಎಂದರೆ ಮನುಷ್ಯನ ಕಣ್ಣು, ಮನಸ್ಸುಗಳ ಕೆಲಸವಲ್ಲ. ಸೀಳಿನ ಬಳಿ ಇಟ್ಟ ನಿರ್ಜೀವ ಉಪಕರಣವೊಂದು ಕಣದ ದಾರಿಯನ್ನು ದಾಖಲಿಸಿದರೂ ಪಟ್ಟೆಗಳು ಅಳಿಯುತ್ತವೆ. ಕೋಣೆಯಲ್ಲಿ ಯಾರೂ ಇರಬೇಕಾಗಿಲ್ಲ. ಅಳತೆ ಪೂರ್ಣಗೊಳ್ಳಲು ಚೇತನ ಬೇಕೆಂದು 1961ರಲ್ಲಿ ವಾದಿಸಿದ ಯೂಜಿನ್ ವಿಗ್ನರ್ ಮುಂದೆ ಆ ನಿಲುವನ್ನು ತಾವೇ ಕೈಬಿಟ್ಟರು. ಮಿದುಳಿನ ನರಕೋಶಗಳೊಳಗಿನ ಸೂಕ್ಷ್ಮ ಕೊಳವೆಗಳಲ್ಲಿ ಕ್ವಾಂಟಂ ಕ್ರಿಯೆಯಿಂದ ಅರಿವು ಮೂಡುತ್ತದೆಂಬ ರೋಜರ್ ಪೆನ್‌ರೋಸ್ ಮತ್ತು ಸ್ಟುವರ್ಟ್ ಹ್ಯಾಮರಾಫ್ ಅವರ ಊಹೆ ಇನ್ನೂ ವಿವಾದದಲ್ಲಿದೆ. ಮಿದುಳಿನ ಬಿಸಿ, ತೇವದ ವಾತಾವರಣದಲ್ಲಿ ಅಂಥ ಸೂಕ್ಷ್ಮ ಸ್ಥಿತಿ ಕ್ಷಣದ ಅತ್ಯಲ್ಪ ಭಾಗವೂ ಉಳಿಯಲಾರದೆಂದು ಮ್ಯಾಕ್ಸ್ ಟೆಗ್‌ಮಾರ್ಕ್ 2000ದಲ್ಲಿ ಲೆಕ್ಕ ಹಾಕಿ ತೋರಿಸಿದರು.

ಒಂದು ವೇಳೆ ಆ ಊಹೆಯೇ ಗೆದ್ದರೂ ಅದು ಜಿನದರ್ಶನಕ್ಕೆ ಸಂದ ಜಯವಾಗದು ಎಂಬುದನ್ನು ಗಮನಿಸಬೇಕು. ನಮ್ಮಲ್ಲಿ ಚೇತನವು ಪುದ್ಗಲದಿಂದ ಹುಟ್ಟುವ ವಸ್ತುವಲ್ಲ. ಹಾಗೆಯೇ ಪುದ್ಗಲವೂ ಚೇತನದ ಕಲ್ಪನೆಯಲ್ಲ. ಎರಡೂ ಸ್ವತಂತ್ರ ದ್ರವ್ಯಗಳು, ಎರಡೂ ಅನಾದಿ. ದೂರವಿರುವ ಎರಡು ಕಣಗಳ ಹೆಣೆದುಕೊಂಡ ಸ್ಥಿತಿಯ ಪ್ರಯೋಗಗಳಿಗೆ 2022ರಲ್ಲಿ ನೊಬೆಲ್ ಪುರಸ್ಕಾರ ಸಂದಾಗ, ವಿಶ್ವವೆಲ್ಲ ಒಂದೇ ಚೈತನ್ಯವೆಂದು ಸಿದ್ಧವಾಯಿತೆಂದು ಕೆಲವರು ಸಂಭ್ರಮಿಸಿದರು. ಆ ಪ್ರಯೋಗಗಳು ಕಣಗಳ ಕುರಿತಾದವು. ಜೈನರಿಗಾದರೋ ಜೀವಗಳು ಅನಂತ, ಪ್ರತಿ ಜೀವಕ್ಕೂ ತನ್ನದೇ ಬಂಧ, ತನ್ನದೇ ಮೋಕ್ಷ.

ಜ್ಞಾನಕ್ಕೂ ಜ್ಞೇಯಕ್ಕೂ ಇರುವ ಸಂಬಂಧವನ್ನು ಕುಂದಕುಂದಾಚಾರ್ಯರು ಎರಡು ಉಪಮೆಗಳಿಂದ ತಿಳಿಸಿದ್ದಾರೆ. ಕಣ್ಣು ಬಣ್ಣಗಳನ್ನು ಕಾಣುತ್ತದೆ, ಆದರೆ ಬಣ್ಣಗಳೊಳಗೆ ಹೊಕ್ಕು ಕೂರುವುದಿಲ್ಲ. ಹಾಲಿನಲ್ಲಿ ಇಟ್ಟ ಇಂದ್ರನೀಲ ಮಣಿ ತನ್ನ ಕಾಂತಿಯಿಂದ ಹಾಲನ್ನೆಲ್ಲ ವ್ಯಾಪಿಸುತ್ತದೆ. ಹಾಲು ಹಾಲಾಗಿಯೇ, ಮಣಿ ಮಣಿಯಾಗಿಯೇ ಉಳಿಯುತ್ತವೆ. ಶುದ್ಧ ಜ್ಞಾನ ವಸ್ತುವನ್ನು ತಿಳಿಯುತ್ತದೆ, ಕೆಡಿಸುವುದಿಲ್ಲ, ಸೃಷ್ಟಿಸುವುದಿಲ್ಲ.

ನೋಟದಿಂದ ಬದಲಾಗುವುದು ಏನು?

ಹಾಗಾದರೆ ಸಾಮ್ಯವೇ ಇಲ್ಲವೇ? ಇದೆ, ಮತ್ತು ಅದು ಕಣದ ಲೋಕಕ್ಕಿಂತ ನಮಗೆ ಬಹಳ ಸಮೀಪದಲ್ಲಿದೆ.

ನೀಲ್ಸ್ ಬೋರ್ ತಮ್ಮ ಪೂರಕತಾ ತತ್ತ್ವವನ್ನು ವಿವರಿಸುವಾಗ ಮನಶ್ಶಾಸ್ತ್ರದ ಕಡೆಗೂ ಬೆರಳು ತೋರಿಸಿದ್ದರು. ಮನುಷ್ಯನು ತನ್ನದೇ ಭಾವವನ್ನು ಪರೀಕ್ಷಿಸಲು ಹೊರಟಾಗ, ಪರೀಕ್ಷೆಗೆ ತೊಡಗಿದೊಡನೆ ಆ ಭಾವವೇ ಮಾರ್ಪಡುತ್ತದೆ. ಇಲ್ಲಿ ನೋಡುವವನನ್ನೂ ನೋಡಲ್ಪಡುವುದನ್ನೂ ಬೇರ್ಪಡಿಸುವ ಗೆರೆ ಎಳೆಯುವುದು ಕಷ್ಟ ಎಂಬುದು ಅವರ ಅಭಿಪ್ರಾಯ. ಇದಕ್ಕೆ ಪ್ರಯೋಗಾಲಯ ಬೇಡ. ಬದುವಿನ ಜಗಳದಲ್ಲಿ ಅಣ್ಣತಮ್ಮಂದಿರ ಮೇಲೆ ಕೋಪ ಉಕ್ಕಿದಾಗ, ‘ಈಗ ನನ್ನಲ್ಲಿ ಕೋಪ ಎದ್ದಿದೆ’ ಎಂದು ಒಂದು ಗಳಿಗೆ ಒಳಗೆ ತಿರುಗಿ ನೋಡಿದವರಿಗೆ ಗೊತ್ತು: ನೋಡಿದ ಕೋಪ ಮೊದಲಿನ ಕೋಪವಾಗಿ ಉಳಿಯುವುದಿಲ್ಲ.

ಭೌತವಿಜ್ಞಾನಿಗೆ ಇದು ಜ್ಞಾನದ ಮಿತಿ. ಸಾಧಕನಿಗೆ ಇದೇ ಮುಕ್ತಿಯ ಬಾಗಿಲು. ಕ್ರೋಧ, ಮಾನ, ಮಾಯಾ, ಲೋಭಗಳು ಜೀವದ ವಿಭಾವಗಳು. ತಿಳಿಯುವುದು ಅದರ ಸ್ವಭಾವ. ಕೋಪದಲ್ಲಿ ಮುಳುಗಿದವನು ‘ನಾನೇ ಕೋಪ’ ಎಂಬಂತೆ ನಡೆಯುತ್ತಾನೆ. ಕೋಪವನ್ನು ಕಂಡವನು, ಕಾಣುವ ನಾನು ಬೇರೆ, ಕಾಣುವ ಕೋಪ ಬೇರೆ ಎಂಬ ಅರಿವಿನತ್ತ ಮೊದಲ ಹೆಜ್ಜೆ ಇಡುತ್ತಾನೆ. ಇದನ್ನೇ ಭೇದವಿಜ್ಞಾನವೆಂದರು. ಆಚಾರ್ಯರು ಚೇತನೆಯನ್ನು ಮೂರಾಗಿ ವಿಂಗಡಿಸಿದ್ದಾರೆ: ಸುಖದುಃಖಗಳನ್ನು ಉಣ್ಣುವುದರಲ್ಲೇ ಮುಳುಗಿದ್ದು ಕರ್ಮಫಲ ಚೇತನೆ, ‘ನಾನು ಮಾಡುತ್ತೇನೆ’ ಎಂಬ ಕರ್ತೃತ್ವದಲ್ಲಿ ತೊಡಗಿದ್ದು ಕರ್ಮ ಚೇತನೆ, ತಿಳಿಯುವುದರಲ್ಲಿ ನೆಲೆ ನಿಂತದ್ದು ಜ್ಞಾನ ಚೇತನೆ. ಮೊದಲೆರಡರಿಂದ ಮೂರನೆಯದಕ್ಕೆ ಸಾಗುವುದೇ ಸಾಧನೆ.

ಹೊರಗಣ ವಸ್ತುವನ್ನು ನೋಡುವಾಗಲೂ ಇದೇ ನಿಯಮ. ಅರಿವು ಮೂಡುವ ಕ್ರಮವನ್ನು ಅವಗ್ರಹ, ಈಹೆ, ಅವಾಯ, ಧಾರಣೆ ಎಂದು ನಾಲ್ಕು ಹಂತಗಳಲ್ಲಿ ವಿವರಿಸುತ್ತಾರೆ. ದೂರದಲ್ಲಿ ಬೆಳ್ಳಗೆ ಏನೋ ಕಂಡಿತು. ಬೆಳ್ಳಕ್ಕಿಯೋ ಧ್ವಜವೋ ಎಂದು ತಿಳಿಯುವ ಬಯಕೆ ಮೂಡಿತು. ರೆಕ್ಕೆ ಬಡಿದದ್ದರಿಂದ ಬೆಳ್ಳಕ್ಕಿಯೇ ಎಂದು ನಿಶ್ಚಯವಾಯಿತು. ಆ ನಿಶ್ಚಯ ನೆನಪಿನಲ್ಲಿ ಉಳಿಯಿತು. ಪೂಜ್ಯಪಾದರ ವ್ಯಾಖ್ಯಾನದಲ್ಲಿ ಬರುವ ಈ ಉದಾಹರಣೆ ಕೃಷ್ಣೆಯ ದಂಡೆಯಲ್ಲಿ ನಿಂತವರಿಗೆ ದಿನನಿತ್ಯದ ಅನುಭವ. ಈ ನಾಲ್ಕು ಹಂತಗಳಲ್ಲಿ ಬೆಳ್ಳಕ್ಕಿಗೆ ಏನೂ ಆಗಲಿಲ್ಲ, ನೋಡಿದ ಜೀವಕ್ಕೂ ಬಂಧವಾಗಲಿಲ್ಲ. ಆದರೆ ಅದೇ ಕಣ್ಣು ನೆರೆಯವನ ಹೊಸ ಟ್ರ್ಯಾಕ್ಟರಿನ ಮೇಲೆ ಬಿದ್ದು ಅಸೂಯೆ ಬೆರೆತಾಗ? ಟ್ರ್ಯಾಕ್ಟರಿಗೆ ಆಗಲೂ ಏನೂ ಆಗುವುದಿಲ್ಲ. ನೋಡಿದವನು ಮಾತ್ರ ಮೊದಲಿನಂತೆ ಉಳಿಯುವುದಿಲ್ಲ.

‘ಸಮಯಸಾರ’ದ ಉಪಮೆಯೊಂದು ಇದನ್ನು ಸ್ಪಷ್ಟಗೊಳಿಸುತ್ತದೆ. ಮೈಗೆ ಎಣ್ಣೆ ಬಳಿದುಕೊಂಡವನು ಧೂಳಿನ ನೆಲದಲ್ಲಿ ವ್ಯಾಯಾಮ ಮಾಡಿದರೆ ಧೂಳು ಅಂಟುತ್ತದೆ. ಎಣ್ಣೆಯಿಲ್ಲದವನು ಅದೇ ವ್ಯಾಯಾಮ ಮಾಡಿದರೂ ಅಂಟುವುದಿಲ್ಲ. ಅಂಟಿಗೆ ಕಾರಣ ಎಣ್ಣೆ. ನಮ್ಮ ಗಡಿನಾಡಿನ ತಾಲೀಮುಗಳ ಮಣ್ಣಿನಲ್ಲಿ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಗದ್ವೇಷಗಳೇ ಆ ಎಣ್ಣೆ. ಮನೋವಚನಕಾಯಗಳ ಚಲನೆಯಿಂದ ಕರ್ಮಪರಮಾಣುಗಳು ಬರುತ್ತವೆ. ಅವು ಎಷ್ಟು ಕಾಲ ನಿಲ್ಲಬೇಕು, ಎಷ್ಟು ತೀವ್ರವಾಗಿ ಫಲ ಕೊಡಬೇಕು ಎಂಬುದನ್ನು ಕಷಾಯ ನಿರ್ಧರಿಸುತ್ತದೆ. ಅಳತೆಯ ಉಪಕರಣವು ಕಣದ ಸ್ಥಿತಿಯನ್ನು ಬದಲಿಸುತ್ತದೆ ಎನ್ನುತ್ತದೆ ಭೌತವಿಜ್ಞಾನ. ಕಷಾಯದ ನೋಟ ನೋಡುವವನನ್ನೇ ಬದಲಿಸುತ್ತದೆ ಎನ್ನುತ್ತದೆ ಜಿನವಾಣಿ.

ಕನ್ನಡ ನಾಡಿನ ಎರಡು ಪ್ರಯೋಗಶಾಲೆಗಳು

1925ರಲ್ಲಿ ನಂಜನಗೂಡಿನಲ್ಲಿ ಜನಿಸಿದ ಬಿ.ವಿ. ಶ್ರೀಕಂಠನ್ ವಿಶ್ವಕಿರಣಗಳ ಅಧ್ಯಯನದಲ್ಲಿ ಹೆಸರಾದವರು. ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು 1965ರಲ್ಲಿ ಪತ್ತೆಹಚ್ಚಿದ ತಂಡದಲ್ಲಿ ಅವರಿದ್ದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿ ನಿವೃತ್ತರಾದ ಮೇಲೆ, ರಾಜಾ ರಾಮಣ್ಣನವರು ಮೊದಲ ನಿರ್ದೇಶಕರಾಗಿದ್ದ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ವಿಜ್ಞಾನ ಮತ್ತು ಚೇತನದ ಪ್ರಶ್ನೆಗಳಲ್ಲಿ ತೊಡಗಿಕೊಂಡರು. ಭೂಮಿಯ ಆಳದಲ್ಲಿ ಅತಿಸೂಕ್ಷ್ಮ ಕಣವನ್ನು ಅರಸಿದ ಬುದ್ಧಿಗೆ, ಅರಸುವ ಅರಿವೇ ಕೊನೆಗೆ ದೊಡ್ಡ ಪ್ರಶ್ನೆಯಾಯಿತು.

ಅದೇ 1925ರಲ್ಲಿ, ಶಿರಗುಪ್ಪಿಯ ನೆರೆಯ ಶೇಡಬಾಳದಲ್ಲಿ ಮುಂದೆ ಆಚಾರ್ಯ ವಿದ್ಯಾನಂದರಾಗಿ ದೇಶಕ್ಕೆ ಪರಿಚಿತರಾದ ಮಹಾತ್ಮರು ಜನಿಸಿದರು. ಅವರಿಗೂ ಹಿಂದೆ, 1872ರಲ್ಲಿ ಭೋಜದ ಮನೆತನದಲ್ಲಿ ಜನಿಸಿದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು ದಿಗಂಬರ ಮುನಿಪರಂಪರೆಗೆ ಮರುಜೀವ ಕೊಟ್ಟರು. ಈ ಸೀಮೆಯ ಪ್ರಯೋಗಶಾಲೆ ಎಂದರೆ ಇವರ ದೇಹವೇ. ವೃದ್ಧಾಪ್ಯದಲ್ಲಿ ದೃಷ್ಟಿ ಮಂದವಾಗಿ, ಜೀವಗಳನ್ನು ಕಂಡು ಕಾಪಾಡುತ್ತ ನಡೆಯುವ ಈರ್ಯಾಸಮಿತಿಯ ಪಾಲನೆ ದುಸ್ತರವಾದಾಗ ಶಾಂತಿಸಾಗರರು ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತ ಸ್ವೀಕರಿಸಿದರು. 1955ರ ಸೆಪ್ಟೆಂಬರ್ 18ರಂದು, ವ್ರತದ 36ನೆಯ ದಿನ, ಸಮಾಧಿಮರಣ ಹೊಂದಿದರು. ಕಣ್ಣೆಂಬ ಉಪಕರಣ ಕೈಕೊಟ್ಟಿತ್ತು. ನೋಡುವವನು ಎಚ್ಚರವಾಗಿಯೇ ಇದ್ದನು. ಕಣ್ಣು ಬೇರೆ, ಕಾಣುವವನು ಬೇರೆ ಎಂಬ ಭೇದವಿಜ್ಞಾನ ಅವರ ಬಾಳಿನಲ್ಲಿ ಆಚರಣೆಗೆ ಇಳಿದಿತ್ತು.

ಭೌತವಿಜ್ಞಾನ ಇನ್ನೂ ಬೆಳೆಯುತ್ತದೆ. ಇಂದಿನ ಸಿದ್ಧಾಂತ ನಾಳೆ ತಿದ್ದುಪಡಿಯಾಗಬಹುದು. ತಿದ್ದಿಕೊಳ್ಳುವುದೇ ಅದರ ಹಿರಿಮೆ. ಅದರ ಹೆಗಲಿಗೆ ಆತ್ಮಸಿದ್ಧಿಯ ಭಾರ ಹೊರಿಸುವುದು ಬೇಡ. ನಮ್ಮ ಶ್ರದ್ಧೆಯನ್ನು ಅದರ ಏರಿಳಿತಕ್ಕೆ ಕಟ್ಟುವುದೂ ಬೇಡ. ಮಕ್ಕಳು ಕ್ವಾಂಟಂ ವಿಜ್ಞಾನವನ್ನು ವಿಜ್ಞಾನಿಗಳಿಂದಲೇ ಸರಿಯಾಗಿ ಕಲಿಯಲಿ. ಅಲ್ಲಿ ಅನೇಕಾಂತದ ಸುಳಿವು ಕಂಡರೆ ಸಂತೋಷಪಡಲಿ, ಭಿನ್ನತೆ ಕಂಡರೆ ಅಂಜದಿರಲಿ. ಒಂದೇ ದೃಷ್ಟಿಯಲ್ಲಿ ಸತ್ಯ ಮುಗಿಯುವುದಿಲ್ಲವೆಂದು ಕಲಿಸಿದ ಧರ್ಮಕ್ಕೆ ಪ್ರಶ್ನೆಯ ಭಯವಿರಬಾರದು.

ನೋಡುವವನು ಯಾರೆಂಬ ಪ್ರಶ್ನೆಗೆ ಬೇಕಾದ ಪ್ರಯೋಗ ಪ್ರತಿ ಶ್ರಾವಕನ ಮನೆಯಲ್ಲಿಯೂ ಸಾಧ್ಯ. ಸಾಮಾಯಿಕಕ್ಕೆ ಎರಡು ಗಳಿಗೆ, ಅಂದರೆ 48 ನಿಮಿಷಗಳ ಅವಧಿ. ಅಷ್ಟು ಹೊತ್ತು ಒಂದೆಡೆ ಕುಳಿತು, ಏಳುವ ಪ್ರತಿಯೊಂದು ಭಾವವನ್ನು ಬೆನ್ನಟ್ಟದೆ, ತಳ್ಳದೆ, ಸುಮ್ಮನೆ ತಿಳಿಯುವುದು. ಬಂದದ್ದು ಹೋಗುತ್ತದೆ, ತಿಳಿಯುವುದು ಉಳಿಯುತ್ತದೆ. ಹಾಗೆ ಉಳಿಯುವ ಅರಿವಿನಲ್ಲಿ ಕ್ಷಣವಾದರೂ ನಿಲ್ಲುವ ಪುಣ್ಯ ಎಲ್ಲರದಾಗಲಿ.

ಜೈ ಜಿನೇಂದ್ರ.